ಅಮಾವಾಸ್ಯೆಯ ದಿನ ತೆಗೆದ ಗರಗಸ

ನಾನು ಅಂಗಳದಲ್ಲಿ ಕುಳಿತು ತೊಗರಿಗೆ ಎಣ್ಣೆ ಸವರುತ್ತಿದ್ದೆ. ವರ್ಷದ ಬೇಳೆ ಮಾಡಿಕೊಳ್ಳುವ ಕೆಲಸ. ಎಣ್ಣೆ ಕಡಿಮೆಯಾದರೆ ಬೀಸುಕಲ್ಲಿನಲ್ಲಿ ಸಿಪ್ಪೆ ಬಿಡುವುದಿಲ್ಲ, ಹೆಚ್ಚಾದರೆ ಬೇಳೆಗೆ ಕಮಟು ವಾಸನೆ. ಮೊಣಕೈವರೆಗೂ ಜಿಡ್ಡಾಗಿತ್ತು. ಮಗಳು ಗಿರಿಜಾ ಶಾಲೆಯಿಂದ ಓಡುತ್ತ ಬಂದು ಪಾಟಿಚೀಲವನ್ನು ಕಟ್ಟೆಯ ಮೇಲೆ ಒಗೆದಳು.

“ಅವ್ವಾ, ಬಡಿಗೇರ ಅಜ್ಜ ಹ್ವಾದನಂತ. ಮುಂಜಾನೆ ಚಹಾ ಕುಡುದು ಕುಂತಾವ, ಕುಂತಲ್ಲೇ ಹ್ವಾದನಂತ. ಸಾಲ್ಯಾಗ ಅಕ್ಕೋರು ಮಾತಾಡಾಕತ್ತಿದ್ರು.”

“ಶಿವನೇ” ಎಂದೆ. ಸತ್ತದ್ದು ಆ ಮುದುಕ, ಆದರೆ ನನ್ನ ಕಣ್ಣು ಹೋದದ್ದು ಹುಡುಗಿಯ ಬಲಗಾಲಿನ ಕಡೆಗೆ. ಹನ್ನೆರಡು ವರ್ಷದ ಹುಡುಗಿ, ಧೂಳು ತುಂಬಿದ ಎರಡು ಕಾಲು ಊರಿ ನಿಂತಿದ್ದಳು.

ನಾನು ಅಂಜುಬುರುಕಿ. ಹಾಲು ಉಕ್ಕಿದರೂ ನನ್ನ ಎದೆ ಹಾರುತ್ತದೆ. ಅದಕ್ಕೇ ಮುಂಜಾನೆ ಪೂಜೆಗೆ ಕುಳಿತು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಾಗ, ಬೇಡುವುದಕ್ಕಿಂತ ಮೊದಲು ಶಿವ ಕೊಟ್ಟದ್ದನ್ನು ನೆನೆಯುತ್ತೇನೆ. ನಳದಲ್ಲಿ ನೀರು ಬಂತು. ಯಾರಿಗೂ ಜ್ವರವಿಲ್ಲ. ಮನೆಯವರು ಹೋದ ಬಸ್ಸು ಸುರಕ್ಷಿತವಾಗಿ ತಿರುಗಿ ಬಂತು. ಆರು ವರ್ಷದಿಂದ ಈ ನೆನೆಯುವಿಕೆ ಒಂದೇ ಮಾತಿನಿಂದ ಶುರುವಾಗುತ್ತದೆ: ನನ್ನ ಮಗಳಿಗೆ ಎರಡು ಕಾಲಿವೆ. ಆ ಮಾತಿನ ಹಿಂದೆ ಇದ್ದವರು ಈ ಬಡಿಗೇರ ಕಾಕಾ.

ತೆಳ್ಳಗಿನ ಕರಿಯ ಆಳು. ಕನ್ನಡಕದ ಒಂದು ಕಡ್ಡಿ ಮುರಿದು ಅಲ್ಲಿ ದಾರ ಕಟ್ಟಿದ್ದರು. ಬಾಗೇವಾಡಿಯ ನಮ್ಮ ಓಣಿಯಲ್ಲಿ ಅವರ ಕೈ ಸೋಕದ ಬಾಗಿಲು ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಆಕೆಯ ಹಳೆಯ ಇಳಕಲ್ಲ ಸೀರೆಯನ್ನು ಎರಡು ತುಂಡು ಮಾಡಿ, ಒಂದರಲ್ಲಿ ಉಳಿ ಬಾಚಿ, ಇನ್ನೊಂದರಲ್ಲಿ ಗರಗಸ ಸುತ್ತಿಕೊಂಡು ಓಡಾಡುತ್ತಿದ್ದರು. ಗರಗಸವನ್ನು ಯಾರಿಗೂ ಎರವಲು ಕೊಡುತ್ತಿರಲಿಲ್ಲ. “ಹೇಣ್ತಿನ್ನ ತವರಮನಿಗೆ ಕಳಸಬಹುದು. ಗರಗಸ ಮಂದಿ ಮನಿಗೆ ಕಳಸಾಕ ಬರಂಗಿಲ್ಲ” ಎನ್ನುತ್ತಿದ್ದರು.

ಊರಿಗೆಲ್ಲ ಗೊತ್ತಿದ್ದದ್ದು ಅವರ ನಿಧಾನ. ಕೊಯ್ಯುವುದರಲ್ಲಿ ಅಲ್ಲ, ಯಾವ ಗರಗಸದಿಂದ ಕೊಯ್ಯಬೇಕು ಎಂದು ಆರಿಸುವುದರಲ್ಲಿ. ಕಟ್ಟಿಗೆಯನ್ನು ಗೆಣ್ಣಿನಿಂದ ಬಡಿದು ಕಿವಿ ಹಚ್ಚುವರು. ಮೂಸುವರು. ಆಮೇಲೆ ಸೀರೆ ಬಿಚ್ಚಿ, ಒಂದೊಂದೇ ಗರಗಸದ ಹಲ್ಲಿನ ಮೇಲೆ ಹೆಬ್ಬೆರಳಿನ ಉಗುರು ಎಳೆಯುವರು. “ತಡಿ, ಕಟ್ಟಿಗಿ ಏನಂತೈತಿ ಕೇಳೋಣ” ಎಂದು ಮತ್ತೆ ಬಡಿಯುವರು. ನಮ್ಮ ದೇವರ ಮಾಡದ ಬಾಗಿಲು ಮಾಡುವಾಗ ಬಾಜೂ ಮನೆಯ ಸಂಗಪ್ಪಣ್ಣ ಕಟ್ಟೆಯ ಮೇಲೆ ಕುಳಿತು ನೋಡಿ ನೋಡಿ ಬೇಸತ್ತ. ಅವನು ಅಡತಿ ಅಂಗಡಿಯಲ್ಲಿ ಚೀಲ ಹೊರುವವ. ಕುಸ್ತಿ ಆಡಿದ ಮೈ, ತಾಳ್ಮೆ ಎಂಬುದು ಗೊತ್ತಿಲ್ಲ.

“ಇಂವ ಗರಗಸ ಆರಸೂದ್ರಾಗ ನಾವು ಹುಡಿಗಿಗೆ ವರಾ ನೋಡಿ, ಅಕ್ಕಿಕಾಳ ಹಾಕಿ, ಊಟಾ ಮಾಡಿ ಬರಬಹುದು ನೋಡ” ಎಂದ.

ಕಾಕಾ ತಲೆ ಎತ್ತದೆ, “ವರಾನ್ನೂ ಹಿಂಗ ಆರಿಸಿದ್ದಿದ್ರ, ಸಂಗಪ್ಪ, ನೀ ಇನ್ನೂ ಲಗ್ನ ಇಲ್ಲದ ಕುಂದರ್ತಿದ್ದಿ” ಎಂದರು. ಒಳಗಿನಿಂದ ಅವನ ಹೆಂಡತಿ ಗೌರಕ್ಕ ನಕ್ಕದ್ದು ಓಣಿಗೆಲ್ಲ ಕೇಳಿಸಿತು.

ಊರಿಗೆ ಗೊತ್ತಿದ್ದ ಇನ್ನೊಂದು ಸಂಗತಿ ಅವರ ಅಮಾವಾಸ್ಯೆ. ಅಂದು ಅವರು ಉಳಿ, ಗರಗಸ, ಯಾವ ಹತಾರವನ್ನೂ ಮುಟ್ಟುತ್ತಿರಲಿಲ್ಲ. ಎಲ್ಲವನ್ನೂ ತೊಳೆದು, ಮಣೆಯ ಮೇಲೆ ಸಾಲಾಗಿ ಮಲಗಿಸಿ, ವಿಭೂತಿ ಹಚ್ಚಿ ಚೆಂಡುಹೂ ಇಟ್ಟರೆ ಮರುದಿನ ಬೆಳಗಿನವರೆಗೆ ಅವುಗಳಿಗೆ ವಿಶ್ರಾಂತಿ. ಅವರ ಅಪ್ಪನ ಕಾಲದಿಂದ ಬಂದ ವ್ರತ. ಯಾರ ಮನೆಯ ಹೊಸ್ತಿಲು ಮುರಿದರೂ ನಾಳೆ ಎನ್ನುವರು. ಅವತ್ತು ಇಸ್ತ್ರಿ ಅಂಗಿ ತೊಟ್ಟು ಪೇಟೆಯಲ್ಲಿ ತಿರುಗುವರು. ಖಾಲಿ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ಕಟ್ಟಿಕೊಳ್ಳುವರು.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು.

ದೊಡ್ಡ ಬರ ಬಿದ್ದ ಮರುವರ್ಷ. ಅಡುಗೆಮನೆಯ ಮೇಲಿನ ಅಟ್ಟದ ಹಲಗೆಗಳನ್ನು ಗೆದ್ದಲು ತಿಂದಿತ್ತು. ಕಾಕಾ ಬಂದು ನೋಡಿ, “ಬೇವಿನ ಹಲಿಗಿ ಹಾಕೋಣು. ಮನಿಯಾಗ ಕೊಯ್ದಿಟ್ಟೇನಿ, ಆದ್ರ ಇನ್ನೂ ಹಸಿ ಅದಾವು. ದೀಪಾವಳಿತನಾ ತಡಿ ಯವ್ವಾ” ಎಂದರು. ನನಗೆ ತಡೆಯಲು ಮನಸ್ಸಿಲ್ಲ. ಕಾಳಿನ ಗಡಿಗೆ, ಬೆಲ್ಲ, ಮೆಣಸಿನಕಾಯಿ ಎಲ್ಲ ಕೆಳಗೆ ಇಲಿಯ ಬಾಯಿಗೆ ಬಿದ್ದಿದ್ದವು. ಕಿರಾಣಿ ಅಂಗಡಿಯ ಮುಂದೆ ಚಹಾಪುಡಿ ಬರುವ ಪೆಟ್ಟಿಗೆಗಳ ರಾಶಿ ಕಂಡಿದ್ದೆ. ತೆಳುವಾದ, ನುಣುಪಾದ, ಒಂದು ಗಂಟೂ ಇಲ್ಲದ ಹಲಗೆ. ಮನೆಯವರಿಗೆ ಹೇಳಿ ಆರು ಪೆಟ್ಟಿಗೆ ತರಿಸಿ, ಬಿಚ್ಚಿಸಿ, ಕಾಕಾನನ್ನು ಕರೆಸಿದೆ.

ಅವರು ಒಂದು ತುಂಡು ಎತ್ತಿ ಅದರ ಅಂಚನ್ನು ಬೆಳಕಿಗೆ ಹಿಡಿದರು.

“ಇದು ಹಲಿಗಿ ಅಲ್ಲಬೇ ಯವ್ವಾ, ಪದರ. ಕಟ್ಟಿಗಿ ಸಿಪ್ಪಿ ಸುಲದು ಒಂದರ ಮ್ಯಾಲ ಒಂದ ಅಂಟಿಸ್ಯಾರ. ಒಂದ ಪದರಿನ ಗೆರಿ ಹಿಂಗ, ಇನ್ನೊಂದರದು ಹಂಗ. ಕೆಳಗ ಒಲಿ ಐತಿ, ಉಗಿಗೆ ಅಂಟು ಬಿಡತೈತಿ. ಇದು ಚಹಾ ಹೊರತೈತಿ, ಮನಶಾನ್ನ ಹೊರಂಗಿಲ್ಲ.”

“ಎರಡೆರಡು ಕೂಡಿಸಿ ಹಾಕ್ರಿ.”

“ಎರಡು ಸುಳ್ಳ ಕೂಡಿಸಿದ್ರ ಒಂದ ಖರೇ ಆಗತೈತೇನು?”

ನನಗೆ ಸಿಟ್ಟು ಬಂತು. ಗೌರಕ್ಕ ಬೇರೆ ನಿಂತು ಕೇಳುತ್ತಿದ್ದಳು. “ನಿಮಗ ವಯಸ್ಸಾತು ಕಾಕಾ. ಹೊಸಾದು ಕಂಡ್ರ ನಿಮಗೂ ಅಂಜಿಕಿ, ನಿಮ್ಮ ಗರಗಸಕ್ಕೂ ಅಂಜಿಕಿ” ಎಂದುಬಿಟ್ಟೆ.

ಅವರು ಸೀರೆಯ ಗಂಟು ಕಟ್ಟಿದರು. ನಾನು ಮೊದಲೇ ತಂದಿಟ್ಟಿದ್ದ ನೀರನ್ನು ಕುಡಿದು, ತಂಬಿಗೆಯನ್ನು ಬೋರಲು ಇಟ್ಟು, “ಬರ್ತೇನಿ” ಎಂದು ಹೋದರು. ಮುಂದಿನ ರವಿವಾರ ಮನೆಯವರೇ ಮೊಳೆ ಬಡಿದು ಅಟ್ಟ ಮುಗಿಸಿದರು. ನುಣ್ಣಗೆ ಕಾಣುತ್ತಿತ್ತು. ಬಂದವರಿಗೆಲ್ಲ ನಾನೇ ಕರೆದು ತೋರಿಸಿದೆ. ಕಾಕಾ ನಮ್ಮ ಮನೆಯ ಮುಂದೆ ಹಾಯುವಾಗ ನಾನು ಒಳಗೆ ಸರಿಯುತ್ತಿದ್ದೆ.

ಏಳೆಂಟು ತಿಂಗಳು ಕಳೆದಿರಬೇಕು. ಅಮಾವಾಸ್ಯೆ. ಮನೆಯವರು ಕಚೇರಿಯ ಕೆಲಸಕ್ಕೆ ಮುದ್ದೇಬಿಹಾಳಕ್ಕೆ ಮುಂಜಾನೆಯ ಬಸ್ಸಿಗೆ ಹೋಗಿದ್ದರು. ಹೋಳಿಗೆಗೆ ಬೇಳೆ ಬೆಂದಿತ್ತು. ಆರು ವರ್ಷದ ಗಿರಿಜಾಗೆ, “ಮ್ಯಾಲಿಂದ ಬೆಲ್ಲ ತಾ” ಎಂದು ನಾನೇ ಹೇಳಿದೆ. ಬೇಳೆಯ ಪಾತ್ರೆಯನ್ನು ಒಲೆಯಿಂದ ಇಳಿಸಿ ಪಕ್ಕಕ್ಕೆ ಇಟ್ಟೆ. ಆ ಗಳಿಗೆಗೇ ಮೇಲೆ ಚರ್ರ್ ಎಂದಿತು.

ತಲೆ ಎತ್ತಿದರೆ ಒಲೆಯ ಮೇಲೆ ಅಟ್ಟದಿಂದ ಒಂದು ಪುಟ್ಟ ಕಾಲು ಇಳಿಬಿದ್ದಿತ್ತು. ಕಾಲಲ್ಲಿ ಗೆಜ್ಜೆ. ಆಮೇಲೆ ಚೀರಿದಳು. ಆ ಚೀರುವಿಕೆ ಈಗಲೂ ನನ್ನ ಕಿವಿಯಲ್ಲಿದೆ.

ನಿಚ್ಚಣಿಕೆ ಹೇಗೆ ಹತ್ತಿದೆನೋ ತಿಳಿಯದು. ಕೂಸು ತೊಡೆಯವರೆಗೆ ಹಲಗೆಯೊಳಗೆ ಇಳಿದಿತ್ತು. ಮುರಿದ ಪದರುಗಳ ಚೂಪು ಸೀಳುಗಳು ಸುತ್ತಲೂ ಕೆಳಮುಖವಾಗಿ ತೊಡೆಗೆ ಕಚ್ಚಿದ್ದವು. ಒಳಗೆ ಹೋಗಲು ದಾರಿ ಇದೆ, ಹೊರಗೆ ಬರಲು ಇಲ್ಲ. ಇಲಿಯ ಬೋನಿನ ಹಾಗೆ. ಕೂಗಿಗೆ ಸಂಗಪ್ಪಣ್ಣ ಓಡಿ ಬಂದ. ಅಮಾವಾಸ್ಯೆಗೆ ಅಡತಿ ಅಂಗಡಿ ರಜೆ ಎಂದು ಮನೆಯಲ್ಲಿದ್ದ. ಬಂದವನೇ ಕೂಸಿನ ಕಂಕುಳಿಗೆ ಕೈ ಹಾಕಿ ಎಳೆದ. ಗಿರಿಜಾಳ ಮುಖ ಬೆಳ್ಳಗಾಯಿತು. ಸಂದಿನಿಂದ ರಕ್ತ ಬಂತು.

“ಬಿಡೋ ಎಪ್ಪಾ, ಬಿಡು! ಕಾಲ ಹರೀತೈತಿ!” ಎಂದು ನಾನು ಅವನ ಕೈಗೆ ಹೊಡೆದೆ.

“ಹಂಗಾರ ಕೊಡಲಿ ತರ್ತೇನಿ ಅಕ್ಕಾ. ಎರಡ ಏಟಿನ ಕೆಲಸ.”

ಕೊಡಲಿ ಎಂಬ ಮಾತಿಗೆ ಅವನ ತೋಳು ಹಿಡಿದೆ. “ಬಡಿಗೇರ ಕಾಕಾನ್ನ ಕರಕೊಂಡ ಬಾ” ಎಂದೆ. ಅಂದ ಮೇಲೆ ನೆನಪಾಯಿತು.

ಅವನ ಹಿಂದೆಯೇ ಓಡಿ ಬಂದಿದ್ದ ಗೌರಕ್ಕನೂ ಅದನ್ನೇ ಅಂದಳು: “ಇವತ್ತ ಅಮಾಸಿ. ಅಂವ ಹತಾರ ಮುಟ್ಟಂಗಿಲ್ಲ. ಅದರಾಗೂ ನೀ ಅವತ್ತ ಹಂಗ ಅಂದಿ...”

ಸಂಗಪ್ಪಣ್ಣ ಆಗಲೇ ಓಡಿದ್ದ. ಗೌರಕ್ಕ ಒಲೆಗೆ ನೀರು ಸುರಿದು ಕೆಂಡ ಆರಿಸಿ, ಮೇಲೆ ಹೋಗಿ ಕೂಸನ್ನು ಬೆನ್ನಿನಿಂದ ಅಪ್ಪಿ ಕುಳಿತಳು. ನಾನು ಕೆಳಗಿಳಿದು, ಕಾಳಿನ ಪೆಟ್ಟಿಗೆಯನ್ನು ಎಳೆದು ಅದರ ಮೇಲೆ ನಿಂತು, ಜೋತಾಡುತ್ತಿದ್ದ ಕಾಲನ್ನು ಎರಡು ಕೈಯಿಂದ ಎತ್ತಿ ಹಿಡಿದೆ. ಎತ್ತಿ ಹಿಡಿದರೆ ಅಳು ಸ್ವಲ್ಪ ತಗ್ಗುತ್ತಿತ್ತು. ಪಾದ ತಣ್ಣಗಾಗುತ್ತಿತ್ತು. ‘ಶಿವಾಯ ನಮಃ’ ಎನ್ನಲು ಹೋದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಬರುವುದಿಲ್ಲ, ಯಾಕೆ ಬರಬೇಕು, ನಾನಾದರೆ ಬರುತ್ತಿದ್ದೆನೇ ಎಂದು ಮನಸ್ಸು ಹೇಳುತ್ತಿತ್ತು.

ಬಂದರು. ನಿಚ್ಚಣಿಕೆ ಕಿರುಗುಟ್ಟಿತು. ಪೂಜೆ ಮಾಡಿ ಏಳುವಷ್ಟರಲ್ಲಿ ಸಂಗಪ್ಪಣ್ಣ ಹೋದನಂತೆ. ಮಣೆಯ ಮೇಲಿದ್ದ ಗರಗಸಗಳನ್ನು ಹೂವಿನ ಸಮೇತ ಸೀರೆಗೆ ಸುರುವಿಕೊಂಡು ಓಡಿ ಬಂದರಂತೆ. ಅವರು ಗಂಟು ಬಿಚ್ಚಿದಾಗ ಚೆಂಡುಹೂವಿನ ಎಸಳು ಮುರಿದ ಸಂದಿನಿಂದ ನನ್ನ ಮುಖದ ಮೇಲೆ ಉದುರಿದವು.

ನನಗೆ ಮೇಲಿನದು ಏನೂ ಕಾಣುತ್ತಿರಲಿಲ್ಲ. ಕೇಳಿಸುತ್ತಿತ್ತು ಅಷ್ಟೆ. ಗೆಣ್ಣಿನಿಂದ ಹಲಗೆ ಬಡಿದರು. ಸುಮ್ಮನಾದರು. ಮತ್ತೆ ಬಡಿದರು. ಹಲ್ಲಿನ ಮೇಲೆ ಉಗುರು ಎಳೆದ ಸದ್ದು. “ಇದಲ್ಲ.” ಗರಗಸ ಕೆಳಗಿಟ್ಟ ಸದ್ದು. ಇನ್ನೊಂದು ಎತ್ತಿದರು. “ಇದೂ ಅಲ್ಲ. ಹಲ್ಲು ದೊಡ್ಡವು, ಅಲುಗಾಡಸತೈತಿ.” ದೇವರ ಮಾಡದ ಬಾಗಿಲಿಗೆ ಮಾಡಿದ ಹಾಗೆಯೇ. ನನ್ನ ಕೂಸಿನ ರಕ್ತ ನನ್ನ ಮಣಿಕಟ್ಟಿಗೆ ಇಳಿಯುತ್ತಿತ್ತು, ಅವರು ಆರಿಸುತ್ತಿದ್ದರು.

“ಯಾವದರೆ ಒಂದ ಹಚ್ಚೋ ಮಾರಾಯಾ!” ಎಂದು ಸಂಗಪ್ಪಣ್ಣ ಕಿರುಚಿದ.

“ಸಂಗಪ್ಪ, ನೀರ ತಾ.”

“ಕೂಸಿಗೇನ?”

“ಮದಲ ನೀ ಕುಡಿ. ಬಾಯಿ ಸುಮ್ಮಕಿರ್ತೈತಿ.”

ಆಮೇಲೆ ಆ ಸಂದಿನ ಹತ್ತಿರ ಅವರ ದನಿ ಕೇಳಿತು, ನನ್ನ ತಲೆಯ ಮೇಲೆಯೇ. “ಯವ್ವಾ, ಕೆಳಗಿನ ಪದರಿನ ಗೆರಿ ಯಾ ಕಡೆ ಓಡ್ಯಾವ? ಗ್ವಾಡಿ ಕಡೆನೋ, ಬಾಗಲ ಕಡೆನೋ?”

“ಗ್ವಾಡಿ ಕಡೆ, ಗ್ವಾಡಿ ಕಡೆ, ಲಗೂ ಮಾಡ್ರಿ!”

“ನೋಡಿ ಹೇಳು. ಅಂಜಿ ಹೇಳಬ್ಯಾಡ.”

ನಾನು ನೋಡಿಯೇ ಇರಲಿಲ್ಲ. ಕಣ್ಣಲ್ಲಿ ಧೂಳು, ನೀರು. ಭುಜಕ್ಕೆ ಒರೆಸಿಕೊಂಡೆ. ನೋಡಲು ಎಷ್ಟು ಅಂಜಿಕೆಯಾಯಿತೆಂದರೆ, ಕಣ್ಣು ಎತ್ತಿದರೆ ಕಾಲು ಇರುವುದೇ ಇಲ್ಲವೇನೋ ಎಂಬ ಹಾಗೆ. ನೋಡಿದೆ. ಗೆರೆಗಳು ಬಾಗಿಲ ಕಡೆಗೆ ಓಡಿದ್ದವು.

“ಬಾಗಲ ಕಡೆ ಕಾಕಾ.”

“ಖರೇ?”

“ಖರೇ. ನೋಡೇ ಹೇಳಾಕತ್ತೇನಿ.”

“ಸೀಳು?”

“ಎಲ್ಲಾ ಕೆಳಗ ಮಾರಿ ಮಾಡ್ಯಾವ. ತೊಡಿಗೆ ನಟ್ಟಾವ.”

“ಹಂಗಾದ್ರ ನೂಕೂದು ನಡಿಯಂಗಿಲ್ಲ. ಎಳೀಬೇಕು” ಎಂದರು, ತಮಗೆ ತಾವೇ.

ಅದರ ಅರ್ಥವನ್ನು ಆಮೇಲೆ ಅವರೇ ಬಿಡಿಸಿ ಹೇಳಿದರು. ಅವರ ಗರಗಸಗಳೆಲ್ಲ ನೂಕಿದಾಗ ಕೊಯ್ಯುವವು. ನೂಕಿದರೆ ಹಲ್ಲು ಸೀಳನ್ನು ಕೆಳಕ್ಕೆ ಒತ್ತಿ ತೊಡೆಯೊಳಗೆ ಇನ್ನಷ್ಟು ನೆಡುತ್ತದೆ, ಗೆರೆಗೆ ಅಡ್ಡ ಬಂದಲ್ಲಿ ಕೆಳಗಿನ ಪದರೂ ಎದ್ದು ಹೊಸ ಸೀಳಾಗುತ್ತದೆ. ಅದಕ್ಕೆ ಕುಸುರಿ ಕೆಲಸದ ಸಣ್ಣ ಗರಗಸದ ಚೌಕಟ್ಟು ಬಿಚ್ಚಿ, ಇರುವೆಯ ಹಲ್ಲಿನಂಥ ಹಲ್ಲಿದ್ದ ಆ ತೆಳು ಅಲಗನ್ನಷ್ಟೇ ತೆಗೆದು, ತುದಿಗೆ ಸೀರೆಯ ಚೂರು ಸುತ್ತಿ ಹಿಡಿದರು. ಹಲ್ಲು ಮೇಲ್ಮುಖವಾಗಿರಬೇಕು. ಮೇಲಕ್ಕೆ ಎಳೆದಾಗ ಮಾತ್ರ ಕೊಯ್ಯಬೇಕು.

ಆ ಅಲಗಿನ ತುದಿ ನನ್ನ ಕಣ್ಣೆದುರಿಗೆ ಇಳಿಯಿತು. ತೊಡೆಯಿಂದ ಒಂದು ಬೆರಳಿನಷ್ಟು ದೂರ. ಮೇಲೆ ಹೋಯಿತು. ಮತ್ತೆ ಇಳಿಯಿತು. ಇಲಿ ಕಡಿಯುವಂಥ ಸದ್ದು. ಒಂದೊಂದು ಎಳೆತಕ್ಕೂ ನಾನು ಉಸಿರು ಹಿಡಿದೆ, ಬಿಟ್ಟೆ. ಗಿರಿಜಾ ಚೀರಿ ಚೀರಿ ದಣಿದು ಬಿಕ್ಕುತ್ತಿದ್ದಳು. “ಅಜ್ಜನ ಮೂಗ ನೋಡು, ಬೆವರು ಹೆಂಗ ತೊಟ್ಟಿಕ್ಕತೈತಿ ಎಣಸು” ಎಂದು ಅವರು ಅವಳಿಗೆ ಹೇಳಿದರು. ಅವಳು ನಿಜವಾಗಿಯೂ ಎಣಿಸತೊಡಗಿದಳು. ಹತ್ತರ ಮೇಲೆ ಬರುತ್ತಿರಲಿಲ್ಲ, ಮತ್ತೆ ಒಂದರಿಂದ ಶುರು.

ಇದ್ದಕ್ಕಿದ್ದ ಹಾಗೆ ಹೊಸ ರಕ್ತ ಸಳಸಳ ಇಳಿದು ಮೊಣಕಾಲಿಗೆ ಬಂತು. ಬಿಸಿ ರಕ್ತ. “ಕೊಯ್ದ್ರಿ! ಕೂಸಿನ ಕಾಲ ಕೊಯ್ದ್ರಿ!” ಎಂದು ಕೂಗಿಕೊಂಡೆ. ಕೈ ಸಡಿಲವಾಯಿತು.

“ಅದು ನಂದಬೇ ಯವ್ವಾ, ನಿನ್ನ ಕೂಸಿಂದಲ್ಲ” ಎಂದು ಮೇಲಿನಿಂದ ದನಿ ಬಂತು. “ಕಾಲ ಬಿಡಬ್ಯಾಡ.”

ಎಡಗೈಯ ಎರಡು ಬೆರಳನ್ನು ಅಲಗಿಗೂ ತೊಡೆಗೂ ನಡುವೆ ತೂರಿಸಿಕೊಂಡು ಕೊಯ್ಯುತ್ತಿದ್ದರು. ಅಲಗು ಜಾರಿದರೆ ಮೊದಲು ತಮ್ಮ ಬೆರಳಿಗೆ ಬೀಳಲಿ ಎಂದು. ಜಾರಿತ್ತು, ಬಿದ್ದಿತ್ತು. ಕೈ ತೆಗೆಯಲಿಲ್ಲ. ಇಲಿ ಕಡಿಯುವ ಸದ್ದು ಮತ್ತೆ ಶುರುವಾಯಿತು.

ಮೂರು ಕಡೆ ಕೊಯ್ದು, ಡಬ್ಬಿಯ ಮುಚ್ಚಳದ ಹಾಗೆ ಆ ತುಂಡನ್ನು ಮೇಲಕ್ಕೆ ಎತ್ತಿದರು. ನನ್ನ ಕೈಯೊಳಗಿನ ಕಾಲು ಮೆಲ್ಲಗೆ ಮೇಲೆ ಹೋಯಿತು. ಮೊದಲು ಮೊಣಕಾಲು ಕಾಣದಾಯಿತು, ಆಮೇಲೆ ಗೆಜ್ಜೆ, ಆಮೇಲೆ ಹಿಮ್ಮಡಿ. ನನ್ನ ಕೈ ಖಾಲಿಯಾದವು.

ಸಂಗಪ್ಪಣ್ಣ ಕೂಸನ್ನು ಎತ್ತಿಕೊಂಡು ದವಾಖಾನೆಗೆ ಓಡಿದ, ಹಿಂದೆಯೇ ನಾನೂ ಓಡಿದೆ. ಡಾಕ್ಟರರು ಸೀಳು ತೆಗೆದು ಹೊಲಿಗೆ ಹಾಕಿದರು. ದೊಡ್ಡ ನರಕ್ಕೆ ತಾಗಿಲ್ಲ, ಎಳೆದಿದ್ದರೆ ತಾಗುತ್ತಿತ್ತು ಎಂದರು.

ತಿರುಗಿ ಬಂದಾಗ ಕಾಕಾ ಹಿತ್ತಲಲ್ಲಿ ಬಚ್ಚಲ ಕಲ್ಲಿನ ಮೇಲೆ ಕುಳಿತಿದ್ದರು. ಎಡಗೈಗೆ ಸೀರೆಯ ಚೂರು ಕಟ್ಟಿತ್ತು. ನೀರು ಕೊಟ್ಟರೆ ತಂಬಿಗೆ ಹಿಡಿಯಲು ಆಗಲಿಲ್ಲ, ಕೈ ಅಷ್ಟು ನಡುಗುತ್ತಿದ್ದವು. ನಾನೇ ಬಾಯಿಗೆ ಹನಿಸಿದೆ.

“ಅಂಜಿದ್ರೇನ್ರಿ ಕಾಕಾ?”

“ಗರಗಸ ಕೆಳಗಿಟ್ಟ ಮ್ಯಾಲ ಬಾ ಅಂತ ಹೇಳಿದ್ನೆವ್ವಾ ಅಂಜಿಕಿಗೆ. ಈಗ ಬಂದೈತಿ, ಬರಲಿ.”

ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು, “ಮನ್ಯಾಗ ಒಂದ ಕಾಯಿ ಇದ್ರ ತಾ. ಇವತ್ತ ಮಲಗಿದಾವನ್ನ ಎಬ್ಬಿಸೇನಿ, ಸಮಾಧಾನ ಮಾಡಬೇಕು” ಎಂದರು. ನಮ್ಮ ಅಂಗಳದಲ್ಲಿಯೇ ಗರಗಸಗಳನ್ನು ಇಟ್ಟು, ಕಾಯಿ ಒಡೆದು, ಆ ಅಲಗಿಗೆ ಹಣೆ ಹಚ್ಚಿದರು. ನನಗೆ ಆಗ ಇನ್ನೊಂದು ಅಂಜಿಕೆ ಅಂಟಿಕೊಂಡಿತು. ನನ್ನ ಸಲುವಾಗಿ ವ್ರತ ಮುರಿದವರಿಗೆ ಏನಾದರೂ ಆದರೆ? ಒಂದು ವರ್ಷದವರೆಗೆ ಅವರು ಕೆಮ್ಮಿದರೂ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಏನೂ ಆಗಲಿಲ್ಲ. ಎಡಗೈಯ ತೋರುಬೆರಳು ಮಾತ್ರ ಮತ್ತೆ ಮಡಚಲಿಲ್ಲ. ಯಾವುದನ್ನು ಹಿಡಿದರೂ ಅದೊಂದು ನೆಟ್ಟಗೆ ನಿಂತಿರುತ್ತಿತ್ತು.

ಐದನೆಯ ದಿನ ತಾವಾಗಿಯೇ ಬಂದರು. ಅಟ್ಟ ಹತ್ತಿ, ಪದರಿನ ಹಲಗೆಗಳನ್ನೆಲ್ಲ ಕಿತ್ತು, ಕೆಳಗೆ ಇಳಿದು, “ಯಾವ ಹಲಿಗಿ ಹಾಕೋಣು ಯವ್ವಾ?” ಎಂದು ಕೇಳಿದರು. ಚುಚ್ಚುತ್ತಿದ್ದಾರೆ ಎಂದುಕೊಂಡು ಮುಖ ನೋಡಿದೆ. ಅಂಥದ್ದೇನೂ ಇರಲಿಲ್ಲ. ಮೊದಲ ಸಲ ಕೇಳಿದ ಹಾಗೆಯೇ ಕೇಳಿದ್ದರು.

“ನೀವ ಹೇಳ್ರಿ ಕಾಕಾ. ನಾ ಏನ ಹೇಳ್ಲಿ” ಎಂದೆ.

“ಬೇವು ಈಗ ಒಣಗೈತಿ” ಎಂದರು. ಕಿತ್ತ ಹಲಗೆಯಲ್ಲಿ ಚೆನ್ನಾಗಿದ್ದ ಒಂದು ತುಂಡನ್ನು ತಿರುಗಿಸಿ ನೋಡಿ, ನನ್ನ ಹಿಟ್ಟಿನ ಡಬ್ಬಿಗೆ ಮುಚ್ಚಳ ಮಾಡಿಕೊಟ್ಟರು. “ಇದು ಕೆಟ್ಟ ಕಟ್ಟಿಗಿ ಏನಲ್ಲ. ಹೊರಲಾರದ್ದು ಹೊರಿಸಿದ್ವಿ.”

ಹೊರಿಸಿದಿ ಎನ್ನಲಿಲ್ಲ, ಹೊರಿಸಿದ್ವಿ ಎಂದರು. ತಾವು ಮಾಡದ ತಪ್ಪಿನಲ್ಲಿ ತಾವೂ ಒಂದು ಪಾಲು ತೆಗೆದುಕೊಂಡರು. ಆ ಒಂದು ಮಾತಿಗೆ ನಾನು ಎಷ್ಟು ಸಲ ಕೈ ಮುಗಿದಿದ್ದೇನೋ. ಆದರೂ ತಪ್ಪಾಯಿತು ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎಂದು ಆರು ವರ್ಷ ಹೋದವು.

ಗಿರಿಜಾ ತಂದ ಸುದ್ದಿ ಕೇಳಿ, ಕೈಯ ಜಿಡ್ಡನ್ನು ಕಡಲೆಹಿಟ್ಟಿನಿಂದ ತಿಕ್ಕಿ ತೊಳೆದು ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಇಟ್ಟಿದ್ದರು. ಯಾರೋ ಎರಡೂ ಕೈ ಜೋಡಿಸಿ ದಾರ ಕಟ್ಟಲು ನೋಡುತ್ತಿದ್ದರು. ಎಡಗೈಯ ಆ ಬೆರಳು ಮಾತು ಕೇಳುತ್ತಿರಲಿಲ್ಲ. ಹೆಂಗಸರು ಅಳುತ್ತಿದ್ದರು. ನಾನು ಅವರ ಸೊಸೆಯ ಪಕ್ಕ ಕುಳಿತು ಮೆಲ್ಲಗೆ ಹೇಳಿದೆ, “ನಾ ಒಮ್ಮಿ ಇವರಿಗೆ ಕೆಟ್ಟ ಮಾತ ಅಂದಿದ್ನೆವ್ವಾ. ತಪ್ಪಾತು ಅನ್ನಲಿಲ್ಲ.”

ಅವಳು ಕಣ್ಣು ಒರೆಸಿಕೊಂಡಳು. “ನಮ್ಮುಂದ ಏನೂ ಅಂದಿಲ್ರಿ ಅಕ್ಕಾರ. ನಿಮ್ಮ ಕೂಸಿಂದಷ್ಟ ಅಂತಿದ್ರು. ದಿನಾ ಸಾಲಿ ಬಿಡೂ ಹೊತ್ತಿಗೆ ಬಾಗಲದಾಗ ಕುಂದರ್ತಿದ್ರು. ಆಕಿ ಹಾದ ಹೋದ ಮ್ಯಾಲ, ‘ಕುಂಟೂದಿಲ್ಲ’ ಅಂದು ಒಳಗ ಬರ್ತಿದ್ರು. ನಿನ್ನೇನೂ ಹಂಗ ಅಂದು ಬಂದ್ರು.”

ಆರು ವರ್ಷ. ನಾನೊಬ್ಬಳೇ ಅಂಜುತ್ತಿದ್ದೇನೆ ಎಂದುಕೊಂಡಿದ್ದೆ.

ಮನೆಗೆ ಬಂದು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡೆ. ತೊಗರಿಯನ್ನು ಗೌರಕ್ಕ ಬಳಿದು ಮೂಲೆಗಿಟ್ಟಿದ್ದಳು. ರೊಟ್ಟಿಯ ಹೊತ್ತಾಗಿತ್ತು. ಒಲೆ ಹಚ್ಚಿ ಎಸರು ಇಟ್ಟೆ. ಗಿರಿಜಾ ಬಂದು, “ಅವ್ವಾ, ಚಟ್ನಿಗೆ ಮೆಣಸಿನಕಾಯಿ ಮುಗದಾವ. ಮ್ಯಾಲಿಂದ ನಾ ತರ್ಲೇನ?” ಎಂದಳು. ‘ನಾನ ತರ್ತೇನಿ’ ಎಂಬ ಮಾತು ಗಂಟಲಿಗೆ ಬಂತು.

“ಹೋಗು” ಎಂದೆ. “ಸಾವಕಾಶ.”

ನಿಚ್ಚಣಿಕೆ ಕಿರುಗುಟ್ಟಿತು. ನನ್ನ ತಲೆಯ ಮೇಲೆ, ಬೇವಿನ ಹಲಗೆಯ ಮೇಲೆ, ಅವಳ ಹೆಜ್ಜೆಗಳು ಒಂದಾದ ಮೇಲೆ ಒಂದು ಮೂಲೆಯವರೆಗೆ ಹೋದವು. ಎದೆ ಬಡಿದುಕೊಳ್ಳುತ್ತಲೇ ಇತ್ತು. ಎಸರು ಕುದಿಯಿತು. ಹಿಟ್ಟಿಗೆ ಸುರಿದುಕೊಂಡು ನಾದತೊಡಗಿದೆ.